ಎಣಿಕೆಯಿಂದ ಉಳಿಕೆ: ಹಕ್ಕಿ ಸಂರಕ್ಷಣೆ ಮತ್ತು ವನ್ಯಜೀವಿ ವೃತ್ತಿ

ಒಂದು ಪ್ರದೇಶದಲ್ಲಿ ಯಾವ ಹಕ್ಕಿಗಳಿವೆ, ಎಷ್ಟಿವೆ, ಅವುಗಳ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ತಿಳಿದು, ಇಳಿಕೆಗೆ ಕಾರಣ ಹುಡುಕಿ, ಅದನ್ನು ನಿವಾರಿಸುವ ಕೆಲಸವೇ ಹಕ್ಕಿ ಸಂರಕ್ಷಣೆ. ಇದರಲ್ಲಿ ಹವ್ಯಾಸಿ ಪಕ್ಷಿವೀಕ್ಷಕರು, ಸಂಶೋಧಕರು, ಅರಣ್ಯ ಸಿಬ್ಬಂದಿ, ಊರಿನ ಜನ ಎಲ್ಲರಿಗೂ ಪಾಲಿದೆ. ಆ ಪಾಲು ಏನು, ಈ ಕ್ಷೇತ್ರವನ್ನೇ ವೃತ್ತಿಯಾಗಿ ಆರಿಸಿಕೊಳ್ಳುವವರಿಗೆ ಯಾವ ದಾರಿಗಳಿವೆ ಎಂಬುದು ಪದವಿ ತರಗತಿಯ ವಿದ್ಯಾರ್ಥಿನಿ ಮತ್ತು ಹಿರಿಯ ಸಂಶೋಧಕರ ನಡುವಿನ ಈ ಸಂವಾದದ ವಿಷಯ.

ವಿದ್ಯಾರ್ಥಿನಿ: ಸರ್, ಸಂರಕ್ಷಣೆ ಅಂದ ಕೂಡಲೇ ಬೇಟೆ ತಡೆಯುವುದು, ಮರ ಉಳಿಸುವುದು, ಪಕ್ಷಿಧಾಮ ಘೋಷಿಸುವುದು ನೆನಪಾಗುತ್ತವೆ. ಎಣಿಕೆಯನ್ನು ಇವೆಲ್ಲಕ್ಕಿಂತ ಮುಂದೆ ಇಡುವುದು ಯಾಕೆ?

ಸಂಶೋಧಕ: ಭಾರತದ ರಣಹದ್ದುಗಳಿಗೆ ಆದದ್ದನ್ನು ನೋಡಿದರೆ ಗೊತ್ತಾಗುತ್ತದೆ. 1980ರ ದಶಕದವರೆಗೂ ಬಿಳಿಬೆನ್ನಿನ ರಣಹದ್ದು ಊರೂರಲ್ಲಿ ಕಾಣುತ್ತಿದ್ದ ಹಕ್ಕಿ. ಸತ್ತ ದನ ಬಿದ್ದಲ್ಲಿ ನೂರಾರು ಇಳಿಯುತ್ತಿದ್ದವು. ಅಷ್ಟು ಸಾಮಾನ್ಯವಾದ ಹಕ್ಕಿಯನ್ನು ಎಣಿಸುವ ಗೋಜಿಗೆ ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ. ಆದರೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಅವರು ರಾಜಸ್ಥಾನದ ಭರತಪುರದ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ 1980ರ ದಶಕದಲ್ಲಿ ಅವುಗಳ ಗೂಡುಗಳನ್ನು ಎಣಿಸಿ ಬರೆದಿಟ್ಟಿದ್ದರು. 1996ರಲ್ಲಿ ಮತ್ತೆ ಎಣಿಸಿದಾಗ ಅರ್ಧಕ್ಕಿಂತಲೂ ಕಡಿಮೆ ಉಳಿದಿದ್ದವು. ಹಳೆಯ ಲೆಕ್ಕ ಇಲ್ಲದೆ ಹೋಗಿದ್ದರೆ ಅದು 'ಈಚೆಗೆ ರಣಹದ್ದು ಕಮ್ಮಿ ಕಾಣುತ್ತವಲ್ಲ' ಎಂಬ ಮಾತಾಗಿಯೇ ಉಳಿಯುತ್ತಿತ್ತು. ಲೆಕ್ಕ ಇದ್ದದ್ದರಿಂದ ಅದು ತನಿಖೆಯ ವಿಷಯವಾಯಿತು.

ವಿದ್ಯಾರ್ಥಿನಿ: ಒಂದು ಉದ್ಯಾನದಲ್ಲಿ ಕಡಿಮೆಯಾದರೆ ದೇಶದಲ್ಲೇ ಕಡಿಮೆಯಾಯಿತು ಎನ್ನಲು ಬರುತ್ತದೆಯೇ? ಹಕ್ಕಿಗಳು ಬೇರೆ ಕಡೆಗೆ ಹೋಗಿರಬಹುದಲ್ಲ?

ಸಂಶೋಧಕ: ಅಂದಿನ ವಿಜ್ಞಾನಿಗಳಿಗೂ ಇದೇ ಅನುಮಾನ ಬಂದಿತ್ತು. 1991ರಿಂದ 1993ರವರೆಗೆ ಉತ್ತರ, ಮಧ್ಯ ಮತ್ತು ಪೂರ್ವ ಭಾರತದ ಹಲವು ರಸ್ತೆಗಳಲ್ಲಿ ವಾಹನದಲ್ಲಿ ಸಾಗುತ್ತಾ ಹಿಂಸ್ರಪಕ್ಷಿಗಳನ್ನು ಎಣಿಸಲಾಗಿತ್ತು. 2000ದಿಂದ ಅದೇ ರಸ್ತೆಗಳಲ್ಲಿ, ಅದೇ ವಿಧಾನದಲ್ಲಿ ಮತ್ತೆ ಮತ್ತೆ ಎಣಿಸಿದರು. 2007ರ ಹೊತ್ತಿಗೆ ಬಿಳಿಬೆನ್ನಿನ ರಣಹದ್ದು ಶೇ 99.9ರಷ್ಟು ಕುಸಿದಿತ್ತು. ಉದ್ದಕೊಕ್ಕಿನ ಮತ್ತು ತೆಳುಕೊಕ್ಕಿನ ರಣಹದ್ದುಗಳು ಒಟ್ಟಾಗಿ ಸುಮಾರು ಶೇ 97ರಷ್ಟು ಕುಸಿದಿದ್ದವು. ಹಕ್ಕಿಗಳು ಎಲ್ಲಿಗೂ ಹೋಗಿರಲಿಲ್ಲ, ಸತ್ತಿದ್ದವು. ಎರಡು ಎಣಿಕೆಗಳನ್ನು ಹೋಲಿಸಬೇಕಾದರೆ ಜಾಗ, ಋತು, ವಿಧಾನ ಮೂರೂ ಒಂದೇ ಆಗಿರಬೇಕು ಎಂಬ ನಿಯಮದ ಬೆಲೆ ಇಲ್ಲಿ ಕಾಣುತ್ತದೆ.

ವಿದ್ಯಾರ್ಥಿನಿ: ಕಾರಣ ಹೇಗೆ ಪತ್ತೆಯಾಯಿತು?

ಸಂಶೋಧಕ: ಮೊದಲು ಯಾವುದೋ ಸಾಂಕ್ರಾಮಿಕ ರೋಗ ಇರಬೇಕೆಂದುಕೊಂಡರು. ಕೀಟನಾಶಕದ ಮೇಲೂ ಅನುಮಾನ ಇತ್ತು. ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳ ದೇಹವನ್ನು ಪರೀಕ್ಷಿಸಿದ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಒಳಾಂಗಗಳ ಮೇಲೆ ಯೂರಿಕ್ ಆಮ್ಲದ ಬಿಳಿ ಲೇಪ ಹರಡಿದ್ದನ್ನು ಕಂಡರು. ಮೂತ್ರಪಿಂಡ ಕೆಲಸ ನಿಲ್ಲಿಸಿತ್ತು ಎಂಬುದಕ್ಕೆ ಅದು ಗುರುತು. ದನಕರುಗಳ ನೋವು, ಬಾವು, ಜ್ವರಕ್ಕೆ ಕೊಡುವ ಡೈಕ್ಲೊಫೆನಾಕ್ ಎಂಬ ಅಗ್ಗದ ಔಷಧವೇ ಕಾರಣ ಎಂದು ಅವರು 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಔಷಧ ಕೊಟ್ಟ ಕೆಲವೇ ದಿನಗಳಲ್ಲಿ ದನ ಸತ್ತರೆ ಅದರ ಮಾಂಸ ರಣಹದ್ದಿಗೆ ವಿಷವಾಗುತ್ತದೆ.

ವಿದ್ಯಾರ್ಥಿನಿ: ಎಲ್ಲ ದನಗಳಿಗೂ ಆ ಔಷಧ ಕೊಟ್ಟಿರುವುದಿಲ್ಲವಲ್ಲ ಸರ್. ಅಷ್ಟು ದೊಡ್ಡ ಕುಸಿತ ಹೇಗೆ ಸಾಧ್ಯ?

ಸಂಶೋಧಕ: ಇಲ್ಲಿ ಗಣಿತ ನೆರವಿಗೆ ಬಂತು. ಸತ್ತ ಪ್ರಾಣಿಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ದೇಹಗಳಲ್ಲಿ ಔಷಧ ಉಳಿದಿದ್ದರೂ ಇಂಥ ಕುಸಿತಕ್ಕೆ ಸಾಕು ಎಂದು ಲೆಕ್ಕ ತೋರಿಸಿತು. ಒಂದೇ ದೇಹಕ್ಕೆ ಹತ್ತಾರು ರಣಹದ್ದುಗಳು ಒಟ್ಟಿಗೆ ಮುತ್ತುವುದು ಒಂದು ಕಾರಣ. ಅವು ಮರಿ ಮಾಡುವ ವೇಗ ಕಡಿಮೆ ಎಂಬುದು ಇನ್ನೊಂದು. ರಣಹದ್ದಿನ ಜೋಡಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಮರಿ ಬೆಳೆದು ತಾನೂ ಗೂಡು ಕಟ್ಟಲು ಸುಮಾರು ಐದು ವರ್ಷ ಬೇಕು. ಹೀಗೆ ನಿಧಾನವಾಗಿ ಹೆಚ್ಚುವ ಜೀವಿ, ದೊಡ್ಡವುಗಳ ಸಾವು ಸ್ವಲ್ಪ ಏರಿದರೂ ಚೇತರಿಸಿಕೊಳ್ಳಲಾರದು.

ವಿದ್ಯಾರ್ಥಿನಿ: ಕಾರಣ ತಿಳಿದ ಮೇಲೆ ಏನು ಮಾಡಿದರು?

ಸಂಶೋಧಕ: ಭಾರತ 2006ರಲ್ಲಿ ಪಶುಗಳಿಗೆ ಡೈಕ್ಲೊಫೆನಾಕ್ ಬಳಕೆಯನ್ನು ನಿಷೇಧಿಸಿತು. ರಣಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮ್ ಬದಲಿಯಾಗಿ ಬಂತು. ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳನ್ನು ದನಗಳಿಗೆ ಬಳಸುತ್ತಿದ್ದುದರಿಂದ 2015ರಲ್ಲಿ ಆ ಸೀಸೆಗಳಿಗೂ ತಡೆ ಬಿತ್ತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್‌ಗಳ ಪಶುಬಳಕೆಯೂ ನಿಷೇಧವಾಯಿತು. ಹರಿಯಾಣದ ಪಿಂಜೋರ್‌ನಲ್ಲಿ ರಣಹದ್ದುಗಳನ್ನು ಸಾಕಿ ಮರಿ ಮಾಡಿಸುವ ಕೇಂದ್ರ ನಡೆಯುತ್ತಿದೆ. ಕರ್ನಾಟಕ ಸರ್ಕಾರ 2012ರಲ್ಲಿ ರಾಮನಗರದ ರಾಮದೇವರಬೆಟ್ಟವನ್ನು ರಣಹದ್ದು ಧಾಮವಾಗಿ ಘೋಷಿಸಿತು. ಉದ್ದಕೊಕ್ಕಿನ ರಣಹದ್ದುಗಳು ಅಲ್ಲಿನ ಕಡಿದಾದ ಬಂಡೆಗಳಲ್ಲಿ ಗೂಡು ಮಾಡುತ್ತವೆ, ಆದರೆ ಉಳಿದಿರುವುದು ಬೆರಳೆಣಿಕೆಯಷ್ಟು. ದಕ್ಷಿಣ ಭಾರತದಲ್ಲಿ ರಣಹದ್ದುಗಳಿಗೆ ಮುಖ್ಯ ಆಸರೆಯಾಗಿರುವುದು ಬಂಡೀಪುರ, ಮುದುಮಲೆ, ವಯನಾಡುಗಳ ಕಾಡು.

ವಿದ್ಯಾರ್ಥಿನಿ: ರಣಹದ್ದು ಇಲ್ಲದಿದ್ದರೆ ಜನರಿಗೇನು ನಷ್ಟ ಎಂದು ಕೇಳುವವರಿದ್ದಾರೆ.

ಸಂಶೋಧಕ: ರಣಹದ್ದುಗಳು ಗಂಟೆಗಳಲ್ಲಿ ಮುಗಿಸುತ್ತಿದ್ದ ಹೆಣಗಳು ಅವು ಹೋದ ಮೇಲೆ ದಿನಗಟ್ಟಲೆ ಕೊಳೆಯತೊಡಗಿದವು. ಕೊಳೆತದ್ದು ನೀರಿಗೆ ಸೇರಿತು, ಬೀದಿನಾಯಿಗಳು ಹೆಚ್ಚಿದವು, ಹುಚ್ಚುನಾಯಿ ರೋಗದ ಅಪಾಯ ಏರಿತು. ಇಯಾಲ್ ಫ್ರ್ಯಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು ಜಿಲ್ಲೆಗಳ ಮರಣದ ಅಂಕಿಗಳನ್ನು ಹೋಲಿಸಿ ನೋಡಿದ್ದಾರೆ. 2000ದಿಂದ 2005ರ ನಡುವೆ ಸುಮಾರು 5 ಲಕ್ಷ ಹೆಚ್ಚುವರಿ ಸಾವುಗಳಿಗೂ ರಣಹದ್ದುಗಳ ಕಣ್ಮರೆಗೂ ನಂಟಿದೆ ಎಂಬುದು ಅವರ ಅಂದಾಜು. ಹಕ್ಕಿ ಉಳಿಸುವುದು ಹಕ್ಕಿಗೋಸ್ಕರ ಮಾತ್ರ ಎಂದುಕೊಳ್ಳುವವರು ತಿಳಿಯಬೇಕಾದ ಸಂಗತಿ ಇದು.

ವಿದ್ಯಾರ್ಥಿನಿ: ರಣಹದ್ದಿನದು ಅಪರೂಪದ ದುರಂತವೇ, ಅಥವಾ ಬೇರೆ ಹಕ್ಕಿಗಳೂ ಹೀಗೆ ಇಳಿಯುತ್ತಿವೆಯೇ?

ಸಂಶೋಧಕ: 'ಭಾರತದ ಹಕ್ಕಿಗಳ ಸ್ಥಿತಿ' ಎಂಬ 2023ರ ವರದಿ ಇದಕ್ಕೆ ಉತ್ತರ ಕೊಡುತ್ತದೆ. ಅದು 942 ಪ್ರಭೇದಗಳನ್ನು ಪರಿಶೀಲಿಸಿತು. ದೀರ್ಘಕಾಲದ ಏರಿಳಿತ ಹೇಳಲು ಸಾಕಷ್ಟು ಮಾಹಿತಿ ಸಿಕ್ಕಿದ್ದು 338 ಪ್ರಭೇದಗಳಿಗೆ. ಅವುಗಳಲ್ಲಿ ಶೇ 60ರಷ್ಟು ಇಳಿಮುಖ. ತುರ್ತು ಗಮನ ಬೇಕಾದ ಪಟ್ಟಿಯಲ್ಲಿ 178 ಪ್ರಭೇದಗಳಿವೆ. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠವೂ ಗಣನೀಯವಾಗಿ ಇಳಿದಿದೆ, ಅದರ ಸ್ಥಿತಿಯನ್ನು ಜಾಗತಿಕ ಮಟ್ಟದಲ್ಲಿ ಮರುಪರಿಶೀಲಿಸಬೇಕು ಎಂದು ವರದಿ ಸೂಚಿಸಿತು. ಹೊಲದ ಬದು, ತಂತಿಗಳ ಮೇಲೆ ಕಾಣುವ ಹಕ್ಕಿ ಅದು. ಇದೇ ವೇಳೆ ನವಿಲು, ಪಾರಿವಾಳಗಳಂಥವು ಹೆಚ್ಚುತ್ತಿವೆ. ಎಲ್ಲೆಡೆ ಹೊಂದಿಕೊಂಡು ಬಾಳಬಲ್ಲ ಹಕ್ಕಿಗಳು ಗೆಲ್ಲುತ್ತಿವೆ, ಒಂದೇ ಬಗೆಯ ನೆಲೆಯನ್ನು ನೆಚ್ಚಿದವು ಸೋಲುತ್ತಿವೆ.

ವಿದ್ಯಾರ್ಥಿನಿ: ಅಂಥ ನೆಲೆಗಳಲ್ಲಿ ಹೆಚ್ಚು ಕಷ್ಟದಲ್ಲಿರುವುದು ಕಾಡೇ ಇರಬೇಕು.

ಸಂಶೋಧಕ: ಅಲ್ಲಮ್ಮ, ಹುಲ್ಲುಗಾವಲು ಮತ್ತು ಬಯಲಿನ ಹಕ್ಕಿಗಳ ಸ್ಥಿತಿ ಇನ್ನೂ ಹೀನಾಯ. ಬಯಲನ್ನು ಪಾಳುಭೂಮಿ ಎಂದು ದಾಖಲಿಸಿ ಉಳುಮೆಗೆ, ನೆಡುತೋಪಿಗೆ, ಕೈಗಾರಿಕೆಗೆ ಕೊಡುವುದು ಸುಲಭ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳ ಎರ್ಲಡ್ಡು ಹಕ್ಕಿ ಇದಕ್ಕೆ ಸಾಕ್ಷಿ. ಈ ಪ್ರಭೇದದ ಹಕ್ಕಿಗಳು ನಿಸರ್ಗದಲ್ಲಿ ಸುಮಾರು 150 ಮಾತ್ರ ಉಳಿದಿವೆ, ಹೆಚ್ಚಿನವು ರಾಜಸ್ಥಾನದಲ್ಲಿ. ಭಾರವಾದ ದೇಹ, ಎದುರಿಗಿರುವುದನ್ನು ಚೆನ್ನಾಗಿ ಕಾಣಲಾರದ ಕಣ್ಣು; ಹಾಗಾಗಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಬಯಲಿನಲ್ಲಿ ಮರ ನೆಟ್ಟರೆ ಅದಕ್ಕೆ ಉಪಕಾರವಾಗುವುದಿಲ್ಲ, ಅಪಕಾರವೇ ಆಗುತ್ತದೆ. ಯಾವ ಹಕ್ಕಿಗೆ ಏನು ಬೇಕು ಎಂದು ತಿಳಿಯದೆ ಮಾಡುವ ಒಳ್ಳೆಯ ಕೆಲಸವೂ ಕೆಡುಕಾಗಬಹುದು.

ವಿದ್ಯಾರ್ಥಿನಿ: ಅಷ್ಟು ದೊಡ್ಡ ವರದಿಗೆ ಮಾಹಿತಿ ಎಲ್ಲಿಂದ ಬಂತು?

ಸಂಶೋಧಕ: 30 ಸಾವಿರಕ್ಕೂ ಹೆಚ್ಚು ಪಕ್ಷಿವೀಕ್ಷಕರು ಇ-ಬರ್ಡ್ ಎಂಬ ಜಾಲತಾಣಕ್ಕೆ ಸೇರಿಸಿದ ಸುಮಾರು 3 ಕೋಟಿ ದಾಖಲೆಗಳಿಂದ. ಅವರಲ್ಲಿ ವಿಜ್ಞಾನಿಗಳು ಸ್ವಲ್ಪ ಮಂದಿ. ಶಿಕ್ಷಕರು, ಬ್ಯಾಂಕ್ ನೌಕರರು, ಕೃಷಿಕರು, ವಿದ್ಯಾರ್ಥಿಗಳು ತಮ್ಮ ಪಾಡಿಗೆ ನೋಡಿ ಬರೆದದ್ದು ಒಂದು ದೇಶದ ಹಕ್ಕಿಗಳ ಲೆಕ್ಕವಾಯಿತು.

ವಿದ್ಯಾರ್ಥಿನಿ: ಹಾಗಾದರೆ ಒಬ್ಬ ವೀಕ್ಷಕ ದಾಖಲೆಯನ್ನು ಹೇಗೆ ಬರೆಯಬೇಕು?

ಸಂಶೋಧಕ: ದಿನಾಂಕ, ಜಾಗ, ಆರಂಭಿಸಿದ ಹೊತ್ತು, ನೋಡಿದ ಅವಧಿ, ನಡೆದ ದೂರ ಇವಿಷ್ಟು ಮೊದಲು. ನಂತರ ಗುರುತಿಸಿದ ಎಲ್ಲ ಪ್ರಭೇದಗಳು, ಒಂದೊಂದರ ಸಂಖ್ಯೆ. 'ಎಲ್ಲ' ಎಂಬ ಮಾತು ಮುಖ್ಯ. ಅಪರೂಪದ ಹಕ್ಕಿಯನ್ನು ಮಾತ್ರ ಬರೆದು ಕಾಗೆ, ಗೊರವಂಕ, ಪಿಕಳಾರಗಳನ್ನು ಬಿಟ್ಟರೆ ಪಟ್ಟಿಯಲ್ಲಿಲ್ಲದ ಹಕ್ಕಿ ಅಂದು ಇರಲಿಲ್ಲವೋ, ಇದ್ದರೂ ಬರೆಯಲಿಲ್ಲವೋ ತಿಳಿಯುವುದಿಲ್ಲ. ಪೂರ್ತಿ ಪಟ್ಟಿಯಲ್ಲಿ ಕಾಣದ ಹಕ್ಕಿಯ ಬಗ್ಗೆಯೂ ಮಾಹಿತಿ ಇರುತ್ತದೆ. ಗುರುತು ಖಚಿತವಾಗದಿದ್ದರೆ ಊಹಿಸಿ ಬರೆಯಬಾರದು, 'ಗುರುತಿಸದ ಗಿಡುಗ' ಎಂದರೆ ಸಾಕು. ಒಂದೇ ಕೆರೆಗೆ ತಿಂಗಳಿಗೊಮ್ಮೆ ಹೋಗಿ ಹತ್ತು ವರ್ಷ ಬರೆದ ಪಟ್ಟಿ, ಹತ್ತು ಊರುಗಳಿಗೆ ಒಮ್ಮೊಮ್ಮೆ ಹೋಗಿ ಬರೆದದ್ದಕ್ಕಿಂತ ಏರಿಳಿತವನ್ನು ಚೆನ್ನಾಗಿ ತೋರಿಸುತ್ತದೆ.

ವಿದ್ಯಾರ್ಥಿನಿ: ಕಣ್ಣಿಗೆ ಬೀಳದ ಹಕ್ಕಿಗಳು ಎಷ್ಟೋ ಇರುತ್ತವೆ. ಅವುಗಳ ಲೆಕ್ಕ?

ಸಂಶೋಧಕ: ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ. ದಟ್ಟ ಕಾಡಿನಲ್ಲಿ ಕಾಣುವ ಸಾಧ್ಯತೆ ಕಡಿಮೆ, ಬಯಲಿನಲ್ಲಿ ಹೆಚ್ಚು. ಮುಂಜಾನೆ ಕೂಗುವ ಹಕ್ಕಿ ಮಧ್ಯಾಹ್ನ ಸುಮ್ಮನಿರುತ್ತದೆ. ಹಾಗಾಗಿ ಸಂಶೋಧಕರು ನೇರ ಗೆರೆಯಲ್ಲಿ ನಡೆಯುತ್ತಾ ಪ್ರತಿ ಹಕ್ಕಿ ಆ ಗೆರೆಯಿಂದ ಎಷ್ಟು ದೂರದಲ್ಲಿತ್ತು ಎಂದು ಬರೆದುಕೊಳ್ಳುತ್ತಾರೆ. ದೂರ ಹೆಚ್ಚಿದಂತೆ ಕಾಣುವ ಸಂಖ್ಯೆ ಹೇಗೆ ಇಳಿಯುತ್ತದೆ ಎಂಬುದರಿಂದ, ತಪ್ಪಿಹೋದವು ಎಷ್ಟಿರಬಹುದು ಎಂದು ಅಂದಾಜು ಮಾಡಲು ಬರುತ್ತದೆ. ಪ್ರಾಣಿಶಾಸ್ತ್ರದಷ್ಟೇ ಸಂಖ್ಯಾಶಾಸ್ತ್ರವೂ ಈ ವೃತ್ತಿಗೆ ಬೇಕು ಎನ್ನುವುದು ಇದಕ್ಕೇ.

ವಿದ್ಯಾರ್ಥಿನಿ: ಹೊಸಬರು ಸೇರಿಕೊಳ್ಳಬಹುದಾದ ಗಣತಿಗಳಿವೆಯೇ? ಏನೇನು ಸಲಕರಣೆ ಬೇಕು?

ಸಂಶೋಧಕ: ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತದೆ, 1987ರಿಂದ ನಡೆದುಬಂದಿದೆ. ಫೆಬ್ರುವರಿಯಲ್ಲಿ ನಾಲ್ಕು ದಿನ ಹಿತ್ತಿಲ ಹಕ್ಕಿಗಳ ಎಣಿಕೆ ಇರುತ್ತದೆ, ಅದಕ್ಕೆ ಮನೆಯ ಅಂಗಳ, ಕಾಲೇಜಿನ ಆವರಣವೂ ಸಾಕು. ಎಂಟು ಪಟ್ಟು ದೊಡ್ಡದಾಗಿ ತೋರಿಸುವ ಒಂದು ದುರ್ಬೀನು, ಟಿಪ್ಪಣಿ ಪುಸ್ತಕ, ಚಿತ್ರಗಳಿರುವ ಕೈಪಿಡಿ ಇದ್ದರೆ ಆರಂಭಿಸಬಹುದು. ಕನ್ನಡದ ಓದುಗರಿಗೆ ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಇದೆ.

ವಿದ್ಯಾರ್ಥಿನಿ: ಈಗ ಹಕ್ಕಿ ನೋಡುವವರಿಗಿಂತ ಫೋಟೊ ತೆಗೆಯುವವರೇ ಹೆಚ್ಚು. ಅದರಿಂದ ತೊಂದರೆ ಇದೆಯೇ?

ಸಂಶೋಧಕ: ಒಳ್ಳೆಯ ಫೋಟೊ ಗುರುತಿಗೆ ಸಾಕ್ಷಿಯಾಗುತ್ತದೆ, ಅದು ಲಾಭ. ತೊಂದರೆ ಇರುವುದು ನಡವಳಿಕೆಯಲ್ಲಿ. ಗೂಡಿನ ಹತ್ತಿರ ಹೋದರೆ ತಾಯಿಹಕ್ಕಿ ಎದ್ದುಹೋಗುತ್ತದೆ, ಅಷ್ಟರಲ್ಲಿ ಮೊಟ್ಟೆ ಬಿಸಿಲಿಗೆ ಕೆಡಬಹುದು, ಕಾಗೆ ಒಯ್ಯಬಹುದು. ಚಿತ್ರ ಚೆನ್ನಾಗಿ ಬರಲೆಂದು ಗೂಡಿನ ಸುತ್ತಲಿನ ಎಲೆ ಕಡಿಯುವುದು, ಧ್ವನಿಮುದ್ರಿತ ಕೂಗನ್ನು ಮತ್ತೆ ಮತ್ತೆ ನುಡಿಸಿ ಹಕ್ಕಿಯನ್ನು ಕರೆಯುವುದು ಸಲ್ಲದು. ಎದುರಾಳಿ ಬಂದನೆಂದು ತಿಳಿದು ಗಂಡುಹಕ್ಕಿ ಮೇವು ಬಿಟ್ಟು ಹೋರಾಟಕ್ಕೆ ಹೊತ್ತು ಕಳೆಯುತ್ತದೆ. ಅಪಾಯದಲ್ಲಿರುವ ಪ್ರಭೇದಗಳ ಗೂಡಿನ ಜಾಗವನ್ನು ಸಾರ್ವಜನಿಕವಾಗಿ ಹೇಳಲೂಬಾರದು.

ವಿದ್ಯಾರ್ಥಿನಿ: ಎಣಿಕೆಯಾದ ಮೇಲೆ ಜಾಗ ಉಳಿಸುವ ಮಾತು. ಕರ್ನಾಟಕದಲ್ಲಿ ಅದು ಹೇಗೆ ನಡೆದಿದೆ?

ಸಂಶೋಧಕ: ಮೂರು ಬಗೆಯನ್ನು ಹೇಳಬಹುದು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಸರ್ಕಾರಿ ರಕ್ಷಣೆಯದು. 17ನೇ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಕಟ್ಟೆಯಿಂದ ಅಲ್ಲಿ ನಡುಗಡ್ಡೆಗಳಾದವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನ 1940ರಲ್ಲಿ ಅದನ್ನು ಪಕ್ಷಿಧಾಮ ಮಾಡಿತು. 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನದಿಯ ಮೇಲ್ಭಾಗದ ಅಣೆಕಟ್ಟೆಯಿಂದ ಒಮ್ಮೆಲೇ ಹೆಚ್ಚು ನೀರು ಬಿಟ್ಟರೆ ಕೆಳಗಿನ ಗೂಡುಗಳು ಮುಳುಗುತ್ತವೆ, ಹಾಗಾಗಿ ಗಡಿ ಕಾಯುವಷ್ಟೇ ನೀರಿನ ನಿರ್ವಹಣೆಯೂ ಅಲ್ಲಿ ಸಂರಕ್ಷಣೆ. ಎರಡನೆಯದು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಅವು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂಬುದು ಊರಿನವರ ಭಾವನೆ. ಹಿಕ್ಕೆ ಗದ್ದೆಗೆ ಗೊಬ್ಬರವಾಗುತ್ತದೆ, ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಹುಡುಗರು ಸಾಕಿ ಬಿಡುತ್ತಾರೆ. ಹಕ್ಕಿಗಳಿಗೆ ಬಿಟ್ಟ ಮರದ ಫಸಲು ಕೈತಪ್ಪುವುದರಿಂದ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು.

ವಿದ್ಯಾರ್ಥಿನಿ: ಮೂರನೆಯದು?

ಸಂಶೋಧಕ: ಗದಗ ಜಿಲ್ಲೆಯ ಮಾಗಡಿ ಕೆರೆ. ಚಳಿಗಾಲಕ್ಕೆ ಮಂಗೋಲಿಯ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಅವು ಹಗಲು ಕೆರೆಯಲ್ಲಿ ವಿಶ್ರಮಿಸಿ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು, ಆದರೆ ಹೊಲ ರೈತರದು. ಅವರ ಒಪ್ಪಿಗೆ, ಅವರ ನಷ್ಟದ ಲೆಕ್ಕ ಇಲ್ಲದೆ ಇಂಥ ಹಕ್ಕಿಯನ್ನು ಉಳಿಸಲು ಆಗದು.

ವಿದ್ಯಾರ್ಥಿನಿ: ಈ ಕೆಲಸವನ್ನೇ ಬದುಕಾಗಿಸಿಕೊಳ್ಳಬೇಕೆಂದರೆ ಯಾವ ಓದು ಓದಬೇಕು?

ಸಂಶೋಧಕ: ಪದವಿಯಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಅರಣ್ಯಶಾಸ್ತ್ರ, ಪಶುವೈದ್ಯ ನೇರ ದಾರಿಗಳು. ಶಿರಸಿ ಮತ್ತು ಪೊನ್ನಂಪೇಟೆಗಳಲ್ಲಿ ನಾಲ್ಕು ವರ್ಷದ ಅರಣ್ಯಶಾಸ್ತ್ರ ಪದವಿ ಇದೆ. ಸ್ನಾತಕೋತ್ತರಕ್ಕೆ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವನ್ಯಜೀವಿ ಕೋರ್ಸ್, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವನ್ಯಜೀವಿ ವಿಭಾಗ ಇವೆ. ಸೀಟುಗಳು ಕಡಿಮೆ, ಆಯ್ಕೆ ಕಠಿಣ. ಪಿಎಚ್‌ಡಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ, ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆ ಮೊದಲಾದವುಗಳಿವೆ. ಹಕ್ಕಿಗಳ ಅಧ್ಯಯನಕ್ಕೆ ಹೆಸರಾದ ಕೊಯಮತ್ತೂರಿನ ಸಲೀಂ ಅಲಿ ಕೇಂದ್ರ ಈಗ ವನ್ಯಜೀವಿ ಸಂಸ್ಥೆಯ ಭಾಗ.

ವಿದ್ಯಾರ್ಥಿನಿ: ಬೇರೆ ವಿಷಯ ಓದಿದವರಿಗೆ ಬಾಗಿಲು ಮುಚ್ಚಿದೆಯೇ?

ಸಂಶೋಧಕ: ಇಲ್ಲ. ನಾಗರಹೊಳೆಯ ಹುಲಿಗಳ ಅಧ್ಯಯನದಿಂದ ಹೆಸರಾದ ಉಲ್ಲಾಸ ಕಾರಂತರು ಮೊದಲು ಓದಿದ್ದು ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್. ಸಲೀಂ ಅಲಿಯವರಿಗೆ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ, ಆ ಕಾರಣಕ್ಕೆ ಒಂದು ಹುದ್ದೆಯೂ ಕೈತಪ್ಪಿತ್ತು. ಅವರು ಬರ್ಲಿನ್‌ಗೆ ಹೋಗಿ ಎರ್ವಿನ್ ಸ್ಟ್ರೆಸೆಮನ್ ಅವರ ಬಳಿ ಕಲಿತು ಬಂದರು. ಇಂದು ಪದವಿಯಿಲ್ಲದೆ ಸಂಶೋಧನಾ ಹುದ್ದೆ ಸಿಗದು, ಆದರೆ ವಿಷಯ ಬದಲಿಸಲು ಅವಕಾಶವಿದೆ. ಕಂಪ್ಯೂಟರ್ ತಿಳಿದವರು ಕಾಡಿನ ಧ್ವನಿಮುದ್ರಣಗಳಲ್ಲಿ ಹಕ್ಕಿಯ ಕೂಗನ್ನು ಗುರುತಿಸುವ ವ್ಯವಸ್ಥೆ ರೂಪಿಸುತ್ತಾರೆ. ಕಾನೂನು ತಿಳಿದವರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೆಲಸ ಮಾಡುತ್ತಾರೆ. ರಣಹದ್ದಿನ ಸಾವಿನ ಗುಟ್ಟು ಬಿಡಿಸಿದ್ದು ಪಶುವೈದ್ಯಕೀಯ ಪರೀಕ್ಷೆ, ಅದರ ಸಾಮಾಜಿಕ ಬೆಲೆ ತೋರಿಸಿದ್ದು ಅರ್ಥಶಾಸ್ತ್ರ.

ವಿದ್ಯಾರ್ಥಿನಿ: ಕೆಲಸ ಎಲ್ಲೆಲ್ಲಿ ಸಿಗುತ್ತದೆ?

ಸಂಶೋಧಕ: ಸಂಶೋಧನಾ ಸಂಸ್ಥೆಗಳು, ವಿಶ್ವವಿದ್ಯಾಲಯಗಳು, ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನಂಥ ಸ್ವಯಂಸೇವಾ ಸಂಸ್ಥೆಗಳು ಒಂದು ಕಡೆ. ಅರಣ್ಯ ಇಲಾಖೆ ಇನ್ನೊಂದು. ಭಾರತೀಯ ಅರಣ್ಯ ಸೇವೆಗೆ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆ ಇದೆ. ಎಂಜಿನಿಯರಿಂಗ್, ಕೃಷಿ, ಪಶುವೈದ್ಯ ಓದಿದವರೂ ಬರೆಯಬಹುದು. ರಾಜ್ಯದಲ್ಲಿ ವಲಯ ಅರಣ್ಯಾಧಿಕಾರಿ, ಉಪ ವಲಯ ಅರಣ್ಯಾಧಿಕಾರಿ, ಗಸ್ತು ಅರಣ್ಯ ಪಾಲಕ ಹುದ್ದೆಗಳಿಗೆ ನೇಮಕ ನಡೆಯುತ್ತದೆ. ದಿನವೂ ಕಾಡಿನಲ್ಲಿ ನಡೆಯುವವನು ಗಸ್ತು ಪಾಲಕ. ಅವನ ದಿನಚರಿಯ ಟಿಪ್ಪಣಿ ಸಂಶೋಧನೆಗೂ ಆಧಾರವಾಗುತ್ತದೆ. ಜಂಗಲ್ ಲಾಡ್ಜಸ್‌ನಂಥ ವನ್ಯಜೀವಿ ವಸತಿಧಾಮಗಳಲ್ಲಿ ಪ್ರಕೃತಿ ಮಾರ್ಗದರ್ಶಿಗಳಿಗೆ, ಶಾಲೆಗಳಲ್ಲಿ ಪರಿಸರ ಶಿಕ್ಷಕರಿಗೆ, ಯೋಜನೆಗಳ ಪರಿಸರ ಪರಿಣಾಮ ಅಧ್ಯಯನದಲ್ಲಿ ತಜ್ಞರಿಗೆ ಅವಕಾಶವಿದೆ.

ವಿದ್ಯಾರ್ಥಿನಿ: ಕಷ್ಟಗಳನ್ನೂ ಹೇಳಿ ಸರ್.

ಸಂಶೋಧಕ: ಆರಂಭದ ಕೆಲಸಗಳು ಹೆಚ್ಚಾಗಿ ಒಂದು ಯೋಜನೆಗೆ ಸೀಮಿತ, ಅನುದಾನ ಮುಗಿದರೆ ಹುದ್ದೆಯೂ ಮುಗಿಯುತ್ತದೆ. ಸಂಬಳ ಕಡಿಮೆ. ತಿಂಗಳುಗಟ್ಟಲೆ ಮನೆಯಿಂದ ದೂರ, ಉಂಬಳ, ಮಳೆ, ಆನೆ ಎಲ್ಲವೂ ಇರುತ್ತವೆ. ಕಾಡಿನಲ್ಲಿ ಕಳೆದ ದಿನಗಳಿಗಿಂತ ಹೆಚ್ಚು ದಿನ ಕಂಪ್ಯೂಟರಿನ ಮುಂದೆ ಅಂಕಿಗಳ ಜೊತೆ ಕಳೆಯಬೇಕಾಗುತ್ತದೆ. ಇನ್ನೊಂದು ಮಾತು: ಸಂಶೋಧನೆಗೆ ದಾರಿ ತೋರಿಸುವವರು ಬಹಳ ಸಲ ಸೋಲಿಗ, ಜೇನುಕುರುಬ ಮೊದಲಾದ ಸಮುದಾಯದವರು. ಹಕ್ಕಿಯ ಕೂಗು, ಗೂಡಿನ ಮರ, ಹಣ್ಣಿನ ಕಾಲ ಅವರಿಗೆ ಗೊತ್ತು. ಅವರ ಹೆಸರು, ಅವರ ಕೂಲಿ, ಅವರ ಅಭಿಪ್ರಾಯಕ್ಕೆ ನ್ಯಾಯ ಸಲ್ಲಿಸುವುದು ಈ ವೃತ್ತಿಯ ಧರ್ಮ.

ವಿದ್ಯಾರ್ಥಿನಿ: ಪದವಿಯಲ್ಲಿರುವಾಗಲೇ ಯಾವ ತಯಾರಿ ಮಾಡಿಕೊಳ್ಳಬಹುದು?

ಸಂಶೋಧಕ: ಹತ್ತಿರದ ಒಂದು ಕೆರೆ ಅಥವಾ ಬಯಲನ್ನು ಆರಿಸಿಕೊಂಡು ವರ್ಷವಿಡೀ ಪೂರ್ತಿ ಪಟ್ಟಿ ಬರೆಯುವುದು ಮೊದಲನೆಯದು. ಆ ಅಂಕಿಗಳಿಂದ ಒಂದೇ ಒಂದು ಪ್ರಶ್ನೆಗೆ ಉತ್ತರ ಹುಡುಕುವುದು ಎರಡನೆಯದು. ನೀರು ಇಳಿದಾಗ ಯಾವ ಹಕ್ಕಿ ಹೆಚ್ಚಿತು, ದಡದ ಜೊಂಡು ಕಡಿದ ಮೇಲೆ ಯಾವುದು ಬರಲಿಲ್ಲ, ಇಂಥದ್ದು. ಸಂಖ್ಯಾಶಾಸ್ತ್ರ ಮತ್ತು ನಕ್ಷೆ ರಚನೆಯ ತಂತ್ರಾಂಶ ಕಲಿಯಬೇಕು. ಬೇಸಿಗೆ ರಜೆಯಲ್ಲಿ ಯಾವುದಾದರೂ ಸಂಶೋಧನಾ ತಂಡದಲ್ಲಿ ಸ್ವಯಂಸೇವೆ ಮಾಡಬೇಕು. ಕಂಡದ್ದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸ್ಪಷ್ಟವಾಗಿ ಬರೆಯುವ ಅಭ್ಯಾಸ ಇರಬೇಕು, ಏಕೆಂದರೆ ತೀರ್ಮಾನ ಪತ್ರಿಕೆಗೂ ತಲುಪಬೇಕು, ಗ್ರಾಮ ಪಂಚಾಯಿತಿಗೂ ತಲುಪಬೇಕು.

ವಿದ್ಯಾರ್ಥಿನಿ: ಇಷ್ಟೆಲ್ಲ ಮಾಡಿಯೂ ವೃತ್ತಿ ಬೇರೆಯೇ ಆದರೆ?

ಸಂಶೋಧಕ: ಆಗಲೂ ಬರೆದ ಪಟ್ಟಿ ವ್ಯರ್ಥವಾಗುವುದಿಲ್ಲ. ಸಂಬಳ ಪಡೆಯುವ ವಿಜ್ಞಾನಿಗಳು ದೇಶದ ಎಲ್ಲ ಕೆರೆ, ಗದ್ದೆ, ಬಯಲುಗಳನ್ನು ಪ್ರತಿ ವರ್ಷ ನೋಡಲಾರರು. ಇಳಿಕೆ ಎಲ್ಲಿ ಶುರುವಾಯಿತು ಎಂಬುದು ಮೊದಲು ತಿಳಿಯುವುದು ಆ ಜಾಗವನ್ನು ಬಿಡದೆ ನೋಡುತ್ತಿರುವವರಿಗೆ. ಕಾರಣ ಹುಡುಕುವುದು, ಕಾನೂನು ಮಾಡುವುದು, ನೆಲೆ ಕಾಯುವುದು ಬೇರೆ ಬೇರೆ ಜನರ ಕೆಲಸ. ಆ ಕೆಲಸಗಳಿಗೆ ಬೇಕಾದ ನಂಬಲರ್ಹ ಲೆಕ್ಕವನ್ನು ಒದಗಿಸುವ ಹೊಣೆ ದುರ್ಬೀನು ಹಿಡಿದ ಪ್ರತಿಯೊಬ್ಬರದು.